ಕುಡಿತ ಬಿಡಿಸಲು ಬಸವಣ್ಣ ಕಳಿಸಿದ ಹಂಪಮ್ಮ

ಬಸವಣ್ಣನನ್ನು ನಂಬಿ ಬಾಳುವ ಅಕ್ಕಂದಿರಿಗೆ, ಅಣ್ಣತಮ್ಮಂದಿರಿಗೆ ಕುರುಗೋಡಿನಿಂದ ಒಬ್ಬ ಟೀಚರಮ್ಮನ ಶರಣು.

ನಾನು ಕುಡಿಯುತ್ತಿದ್ದೆ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಬರಹ ಮುಗಿಯುವವರೆಗೂ ಅದರ ಸುತ್ತಲೇ ತಿರುಗಾಡುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತು. ಕೊರಳಲ್ಲಿ ಲಿಂಗ ಧರಿಸಿದವಳು, ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಪಾಠ ಹೇಳುವವಳು, ಎಲೆ ಅಡಿಕೆ ಸಹ ಮುಟ್ಟದವಳು ಎಂದು ಓಣಿಯಲ್ಲಿ ಹೆಸರಾದವಳು, ಆರು ವರ್ಷ ಕದ್ದು ಕುಡಿದೆ. ಗಂಡಸರು ಕುಡಿತ ಬಿಟ್ಟ ಅನುಭವಗಳನ್ನು ನೀವು ಓದಿರುತ್ತೀರಿ. ಹೆಂಗಸೊಬ್ಬಳು ಬರೆದದ್ದನ್ನು ನಾನಂತೂ ಓದಿಲ್ಲ. ಓದಿದ್ದರೆ ನನ್ನ ಎರಡು ಮೂರು ವರ್ಷವಾದರೂ ಉಳಿಯುತ್ತಿದ್ದವು. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು ಹಾಕಿಲ್ಲ. ನಾನು ಈಗ ಹೋಗುವ ಗುಂಪಿನಲ್ಲಿ ಹೆಸರು ಹೊರಗೆ ಹೇಳಬಾರದೆಂಬ ಕಟ್ಟಳೆ ಇದೆ. ಇದರಲ್ಲಿ ಬರುವ ಹಂಪಮ್ಮ ಎಂಬ ಹೆಸರೂ ಅವರದಲ್ಲ. "ನಮ್ಮವ್ವನ ಹೆಸರು ಹಾಕು, ಆಕಿ ಹೆಸರು ಎಲ್ಲೂ ಅಚ್ಚಾಗಿಲ್ಲ," ಎಂದು ಅವರೇ ಕೊಟ್ಟದ್ದು.

ನನ್ನ ಎರಡನೇ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿತು. ಹಿರಿಮಗಳು ಅಂಜು ಆಗ ಎಂಟು ವರ್ಷದವಳು. ಬಳ್ಳಾರಿಯಲ್ಲಿರುವ ನಮ್ಮಕ್ಕ ನನ್ನನ್ನು ತಿಂಗಳ ಮಟ್ಟಿಗೆ ತನ್ನ ಮನೆಗೆ ಕರೆದುಕೊಂಡು ಹೋದಳು. ನಿದ್ದೆ ಎಂಬುದು ನನ್ನನ್ನು ಬಿಟ್ಟೇ ಹೋಗಿತ್ತು. ಒಂದು ದಿನ ನೆಗಡಿಯಾಗಿ ಮೈ ಕಾದಾಗ, ಮಿಲಿಟರಿಯಲ್ಲಿದ್ದು ನಿವೃತ್ತರಾದ ಭಾವ ಬಿಸಿನೀರಿಗೆ ಎರಡು ಚಮಚ ರಮ್ ಹಾಕಿ ಕೊಟ್ಟರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅವರಿಗೆ ಅದು ಔಷಧವೇ. ನಾನು ಅಂದು ಎದ್ದದ್ದು ಹತ್ತು ತಾಸಿನ ಮೇಲೆ. ಊರಿಗೆ ಹೊರಡುವಾಗ ಅಕ್ಕನಿಗೆ ಹೇಳಿ ಒಂದು ಚಿಕ್ಕ ಬಾಟಲಿ ಇಸಿದುಕೊಂಡೆ. "ನೆಗಡಿಗೆ" ಎಂದೆ. ಆಮೇಲೆ ಆರು ವರ್ಷ ನನಗೆ ನೆಗಡಿ ಬಿಡಲೇ ಇಲ್ಲ ಎಂದು ತಿಳಿಯಿರಿ.

ನಮ್ಮ ಮನೆಯವರಿಗೆ ಕುರುಗೋಡಿನಲ್ಲಿ ಬೀಜ ಗೊಬ್ಬರದ ಅಂಗಡಿ. ಅವರು ಹೆಂಡ ಮುಟ್ಟುವುದಿರಲಿ, ಕುಡಿದವನು ಅಂಗಡಿ ಮೆಟ್ಟಿಲು ಹತ್ತಿದರೆ ಇಳಿಸಿ ಕಳಿಸುತ್ತಿದ್ದರು. ಅವರ ತಂದೆ, ಅಂದರೆ ನಮ್ಮ ಮಾವ, ಕುಡಿದು ಕುಡಿದೇ ಹೋದವರು. ಹಾಗಾಗಿ ಊರಲ್ಲಿ ಕೊಳ್ಳುವುದು ಸಾಧ್ಯವೇ ಇರಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ ಸಿರುಗುಪ್ಪದ ಬಸ್ಸು ಹತ್ತುತ್ತಿದ್ದೆ. ಮನೆಯಲ್ಲಿ ತರಬೇತಿ ಎನ್ನುತ್ತಿದ್ದೆ. ಅಲ್ಲಿ ಇಳಿದು, ತಲೆ ಮೇಲೆ ಸೆರಗು ಹೊದ್ದು, ಅಂಗಡಿಯವನಿಗೆ "ನಮ್ಮ ಮುದುಕರ ಕಾಲಿಗೆ ತಿಕ್ಕಾಕ ಬೇಕಾಗೈತಿ" ಎಂದು ಹೇಳಿ, ಮಕ್ಕಳ ಕಾಪಿಗಳಿರುವ ಚೀಲದ ತಳದಲ್ಲಿ ಇಟ್ಟುಕೊಂಡು ಬರುತ್ತಿದ್ದೆ. ಮೂರನೇ ಸಲಕ್ಕೆ ಅಂಗಡಿಯವನು ಕೇಳುವುದನ್ನೇ ಬಿಟ್ಟ. ನಾನು ಮಾತ್ರ ಹೇಳುವುದನ್ನು ಬಿಡಲಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಬೆಳಗಿನ ಪೂಜೆ. ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದರೆ ನನ್ನ ಉಸಿರಿನ ವಾಸನೆ ನನಗೇ ಬಡಿಯುತ್ತಿತ್ತು. ಉಸಿರು ಬಿಗಿಹಿಡಿದು ಪೂಜೆ ಮಾಡುವುದನ್ನು ಕಲಿತೆ. ಸೋಮವಾರ ದೊಡ್ಡ ಬಸವಣ್ಣನ ಗುಡಿಗೆ ಹೋಗಿ ನಿಂತಾಗ ಒಂದೇ ಬೇಡಿಕೆ: "ಯಾರಿಗೂ ಗೊತ್ತಾಗದಂಗ ಕಾಪಾಡಪ್ಪ." ಬಿಡಿಸು ಎಂದು ಕೇಳಲಿಲ್ಲ ನೋಡಿ. ಬಿಡಿಸಿಬಿಟ್ಟರೆ ಏನು ಮಾಡಲಿ ಎಂಬ ಹೆದರಿಕೆ.

ಮೂರು ವರ್ಷದ ಹಿಂದೆ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಬಳ್ಳಾರಿಯಲ್ಲಿ ಆಪರೇಷನ್ ಆಗಿ ಮನೆಗೆ ಬಂದು ಹಾಸಿಗೆ ಹಿಡಿದರು. ಅವರನ್ನು ನೋಡಿಕೊಳ್ಳಲು ನಾನು ರಜೆ ಹಾಕಿದ್ದೆ. ಆಷಾಢದ ಒಂದು ಮಧ್ಯಾಹ್ನ, ಸುಮಾರು ನಾಲ್ಕು ಗಂಟೆ. ಮನೆಯವರು ಅಂಗಡಿಯಲ್ಲಿ, ಅಂಜು ಶಾಲೆಯಲ್ಲಿ. ಅತ್ತೆಗೆ ಚಹಾ ಮಾಡೋಣವೆಂದು ಒಲೆಯ ಮೇಲೆ ಹಾಲಿಟ್ಟು, ಹಾಲು ಕಾಯುವಷ್ಟರಲ್ಲಿ ಒಂದು ಗುಟುಕು ಎಂದು ನಡುಮನೆಗೆ ಹೋದೆ. ಒಂದು ಗುಟುಕು ಯಾವತ್ತೂ ಒಂದೇ ಆಗಿದ್ದಿಲ್ಲ. ಅಲ್ಲೇ ಗೋಡೆಗೆ ಒರಗಿದವಳು ಹಾಗೇ ಮಲಗಿಬಿಟ್ಟೆ.

ಎಚ್ಚರವಾದಾಗ ಮನೆಯೆಲ್ಲ ಗ್ಯಾಸಿನ ನಾತ. ಓಡಿ ನೋಡಿದರೆ ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆ ಕೂತಿದ್ದಾರೆ. ಹಾಲು ಉಕ್ಕಿ ಒಲೆ ಆರಿತ್ತು. ಗ್ಯಾಸು ಮಾತ್ರ ಹರಿಯುತ್ತಲೇ ಇತ್ತು. ಮಂಚದಿಂದ ಇಳಿಯಬಾರದ ಮುದುಕಿ, ಎಷ್ಟು ಕೂಗಿದರೂ ನಾನು ಒಳಗಿಂದ ಓಗೊಡದಿದ್ದಾಗ, ನೆಲದ ಮೇಲೆ ಕೈಯೂರಿ ತೆವಳುತ್ತಾ ಬಂದು, ಸಿಲಿಂಡರಿನ ಗುಂಡಿ ತಿರುವಿ, ಹಿಂದಿನ ಬಾಗಿಲ ಕೆಳಗಿನ ಅಗುಳಿ ಜಗ್ಗಿ ತೆಗೆದಿದ್ದರು. ಸೀರೆ ಮಂಡಿಯ ಹತ್ತಿರ ಹರಿದಿತ್ತು. ಬೆವರು ಹಣೆಯ ವಿಭೂತಿಯನ್ನು ಕಣ್ಣಿಗೆ ಇಳಿಸಿತ್ತು.

ನಾನು ಅಳುತ್ತಾ, "ಅತ್ತಿ, ಕಣ್ಣು ಹತ್ತಿಬಿಟ್ಟಿತ್ತು, ನಿನ್ನಿ ನಿದ್ದಿ ಇರಲಿಲ್ಲ," ಎಂದೆ.

"ಸುಳ್ಳು ಹೇಳಬ್ಯಾಡ," ಎಂದರು. ಸಿಟ್ಟಿಲ್ಲ, ದನಿ ಏರಿಸಲಿಲ್ಲ. "ನಿಮ್ಮ ಮಾವನ ಪಕ್ಕದಾಗ ಮೂವತ್ತು ವರ್ಷ ಮಲಗೀನಿ. ಆ ವಾಸನಿ ನನಗ ಗೊತ್ತಿಲ್ಲೇನು? ಎರಡು ವರ್ಷದಿಂದ ಗೊತ್ತೈತಿ."

"ಮತ್ತ ಯಾಕ ಹೇಳಲಿಲ್ಲ?"

"ಅವರಿಗೂ ಹೇಳಿರಲಿಲ್ಲ. ಹೇಳದ ಇದ್ದಿದ್ದಕ್ಕ ಅವರು ಹೋದ್ರು. ಇನ್ನ ಹೇಳ್ತೀನಿ. ಮೊದಲು ನನ್ನ ಎತ್ತು."

ಮನೆಯವರಿಗೆ ಅವರು ಹೇಳಲಿಲ್ಲ. "ಶ್ರಾವಣ ಬರತೈತಿ, ಬಸವಣ್ಣನ ಮುಂದ ನೀನೇ ಬಿಡು," ಎಂದರು. ಶ್ರಾವಣದ ಮೊದಲ ಸೋಮವಾರ ನಾನು ಮಡಿಯುಟ್ಟು ಗುಡಿಗೆ ಹೋಗಿ, ಆ ದೊಡ್ಡ ಮೂರ್ತಿಯ ಮುಂದೆ ಹಣೆ ಹಚ್ಚಿ ಆಣೆ ಮಾಡಿದೆ. ಇದ್ದದ್ದನ್ನೆಲ್ಲ ಬಚ್ಚಲಿಗೆ ಸುರಿದೆ. ಅಂದು ದಿನವೆಲ್ಲ ಕೈ ನಡುಗಿತು. ಮಂಗಳವಾರ ಬೆವರು, ವಾಂತಿ, ಗೋಡೆಯ ಮೇಲೆ ಇರುವೆ ಹರಿದಂತೆ ಕಾಣುವುದು. ಪಾಪ ಹೊರಗೆ ಬರುತ್ತಿದೆ ಎಂದುಕೊಂಡೆ. ಬುಧವಾರ ಅಂಜುವಿನ ಕಣ್ಣು ತೋರಿಸಲು ಬಳ್ಳಾರಿಗೆ ಹೋಗುವುದೆಂದು ಮೊದಲೇ ಗೊತ್ತಾಗಿತ್ತು. ಹೋದರೆ ಮನಸ್ಸಾದರೂ ಬೇರೆ ಕಡೆ ಹರಿಯಲಿ ಎಂದು ಹೊರಟೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಅಂಜು, ಈಚೆ ನಾನು. ಬಳ್ಳಾರಿ ಗುಡ್ಡ ಕಾಣತೊಡಗಿತ್ತು. ಅದರ ಮೇಲಿನ ಕೋಟೆಯ ಗೋಡೆ ಎರಡೆರಡಾಗಿ ಕಂಡದ್ದು ನೆನಪಿದೆ. ಮುಂದಿನದು ನನಗೆ ಗೊತ್ತಿಲ್ಲ, ಅಂಜು ಹೇಳಿದ್ದು. ನಾನು ಕೈಕಾಲು ಸೆಟೆದು ಅವಳ ಮೇಲೆ ಬಿದ್ದೆನಂತೆ. ಬಾಯಲ್ಲಿ ನೊರೆ. ಯಾರೋ ಕೀಲಿಕೈ ಗೊಂಚಲು ಕೈಗೆ ಕೊಟ್ಟರಂತೆ, ಯಾರೋ ಈರುಳ್ಳಿ ಮೂಸಿಸಿದರಂತೆ. ಕಂಡಕ್ಟರು ಸೀಟಿ ಊದಿ, ಡ್ರೈವರು ಎಲ್ಲೂ ನಿಲ್ಲಿಸದೆ ಬಸ್ಸನ್ನು ನೇರ ಆಸ್ಪತ್ರೆಯ ಗೇಟಿಗೆ ತಂದು ನಿಲ್ಲಿಸಿದರಂತೆ. ಆ ಇಬ್ಬರ ಮುಖ ನಾನು ನೋಡಿಲ್ಲ. ಅವರ ಮನೆ ತಣ್ಣಗಿರಲಿ.

ಕಣ್ಣು ಬಿಟ್ಟಾಗ ಕೈಗೆ ಸಲೈನು, ಕಾಲ ಬಳಿ ನಮ್ಮ ಮನೆಯವರು. ಅಂಗಡಿಯಿಂದ ಹಾಗೇ ಬಂದಿದ್ದರು, ಅಂಗಿ ತುಂಬ ಗೊಬ್ಬರದ ಧೂಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಒಬ್ಬ ಡಾಕ್ಟರಮ್ಮ ಅವರನ್ನು ಕೇಳುತ್ತಿದ್ದರು.

"ಮೊದಲು ಯಾವಾಗಾದ್ರೂ ಮೂರ್ಛೆ ಬಂದಿತ್ತಾ? ತಲೆಗೆ ಪೆಟ್ಟು? ಕುಡಿಯೋ ಅಭ್ಯಾಸ?"

ಮನೆಯವರು ಎದ್ದು ನಿಂತರು. "ಏನ್ ಕೇಳ್ತೀರಿ ಮೇಡಂ? ಲಿಂಗ ಕಟ್ಟಿದ ಮನಿ ನಮ್ದು. ಆಕಿ ಟೀಚರ್ ಅದಾಳ."

ನಾನು ಕಣ್ಣು ಮುಚ್ಚಿಕೊಂಡೆ. ಡಾಕ್ಟರಮ್ಮ ಬರೆದುಕೊಳ್ಳತೊಡಗಿದರು. ಆಗ ಅಂಜುವಿನ ದನಿ ಕೇಳಿತು.

"ಅವ್ವ ಕುಡೀತಾಳ್ರಿ. ಸೋಮವಾರ ಬಿಟ್ಟಾಳ."

ಹದಿನಾಲ್ಕು ವರ್ಷದ ಹುಡುಗಿ. ಪಾಠ ಒಪ್ಪಿಸಿದಂತೆ ಹೇಳಿದಳು. "ದಿನಾ ಎಷ್ಟು?" ಎಂದು ಡಾಕ್ಟರಮ್ಮ ಕೇಳಿದರು. ಅಂಜು ಅದಕ್ಕೂ ಉತ್ತರ ಕೊಟ್ಟಳು. ಅವಳಿಗೆ ಅಳತೆ ಗೊತ್ತಿತ್ತು. ಬಾಟಲಿ ಇಡುವ ಜಾಗ ಗೊತ್ತಿತ್ತು. ಅವಳ ಗೆಳತಿಯರು ಮನೆಗೆ ಬರುವುದನ್ನು ಯಾಕೆ ನಿಲ್ಲಿಸಿದ್ದರೆಂದು ನನಗೆ ಆ ಕ್ಷಣ ಗೊತ್ತಾಯಿತು.

ಡಾಕ್ಟರಮ್ಮ ನರ್ಸನ್ನು ಕರೆದು ಔಷಧ ಬದಲಿಸಿದರು. ಆಮೇಲೆ ನನ್ನ ಹತ್ತಿರ ಕೂತು ಹೇಳಿದರು: "ಬಿಟ್ಟಿದ್ದು ಒಳ್ಳೇದೇ ಮಾಡಿದ್ರಿ. ಆದ್ರೆ ಬಹಳ ವರ್ಷ ಕುಡಿದೋರು ಒಮ್ಮೆಲೇ ಬಿಟ್ರೆ ಹಿಂಗೆ ಫಿಟ್ಸ್ ಬರ್ತದೆ, ಜೀವಾನೂ ಹೋಗ್ತದೆ. ಆಸ್ಪತ್ರೆಗೆ ಬಂದು, ಔಷಧ ತಗೊಂಡು ಬಿಡಬೇಕು. ಮಗಳು ಹೇಳ್ದೆ ಇದ್ದಿದ್ರೆ ನಾನು ಬೇರೆ ಏನೋ ಹುಡುಕ್ತಾ ಇರ್ತಿದ್ದೆ."

ಬಂಧುಗಳೇ, ಇದನ್ನು ದಯವಿಟ್ಟು ನೆನಪಿಡಿ. ಆಣೆ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಡಾಕ್ಟರರಿಗೆ ತೋರಿಸಿ ಮಾಡಿ.

ಎಂಟು ದಿನ ಆಸ್ಪತ್ರೆಯಲ್ಲಿದ್ದೆ. ಮನೆಯವರು ದಿನವೂ ಬುತ್ತಿ ತರುತ್ತಿದ್ದರು, ಮಾತಾಡುತ್ತಿರಲಿಲ್ಲ. ಐದನೇ ದಿನ ಡಬ್ಬಿ ಬಿಚ್ಚುತ್ತಾ, "ನಮ್ಮಪ್ಪನ್ನ ನಾನು ಗಟಾರದಿಂದ ಎತ್ಕೊಂಡು ಬಂದೀನಿ," ಎಂದರು. "ಮತ್ತೊಮ್ಮಿ ಎತ್ತೋ ಶಕ್ತಿ ನನಗಿಲ್ಲ." ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಔಷಧದ ಚೀಟಿಯ ಹಿಂದೆ ಒಂದು ವಿಳಾಸ ಬರೆದರು. ಕಂಟೋನ್ಮೆಂಟಿನಲ್ಲಿ ಒಂದು ಹಳೇ ಬಂಗಲೆ, ಅದರ ಹಿತ್ತಲಿನ ಕೋಣೆ, ಭಾನುವಾರ ಹನ್ನೊಂದಕ್ಕೆ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಅಲ್ಲಿ ಸೇರುತ್ತಾರೆ, ತಮ್ಮ ತಮ್ಮ ಕಥೆ ಹೇಳಿಕೊಳ್ಳುತ್ತಾರೆ, ಫೀಜು ಇಲ್ಲ, ಯಾರೂ ಹೆಸರು ಬರೆದುಕೊಳ್ಳುವುದಿಲ್ಲ ಎಂದರು. "ಔಷಧ ದೇಹಕ್ಕೆ. ಉಳಿದದ್ದಕ್ಕೆ ಇವರ ಹತ್ರ ಹೋಗಿ."

ಹೋದೆ. ದೊಡ್ಡ ಬೇವಿನ ಮರ, ಕೆಂಪು ಹೆಂಚಿನ ಕೋಣೆ, ಬಾಗಿಲ ಹೊರಗೆ ಚಪ್ಪಲಿ. ಎಣಿಸಿದೆ, ಹನ್ನೊಂದು ಜೊತೆ. ಎಲ್ಲ ಗಂಡಸರವು. ಒಳಗಿನಿಂದ ನಗು ಕೇಳಿತು. ಹನ್ನೊಂದು ಗಂಡಸರ ಮುಂದೆ ಕೂತು ನಾನು ಕುಡುಕಿ ಎಂದು ಹೇಳುವುದಕ್ಕಿಂತ ಆ ಬಸ್ಸಿನಲ್ಲೇ ಸತ್ತಿದ್ದರೆ ವಾಸಿ ಅನ್ನಿಸಿತು. ತಿರುಗಿ ನಡೆದುಬಿಟ್ಟೆ.

ಮನೆಯಲ್ಲಿ ಮಾತ್ರ ಹೋಗಿ ಬಂದೆ ಎಂದೆ. ಮುಂದಿನ ಎರಡು ಭಾನುವಾರವೂ ಹಾಗೇ. ಬಳ್ಳಾರಿ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ತಾಸು ಕೂತು, ಗಾಡಿ ಹೋಗುವುದು ಬರುವುದನ್ನು ನೋಡಿ, ಮನೆಗೆ ಬಂದು "ಚಲೋ ಆತು" ಎನ್ನುತ್ತಿದ್ದೆ. ಅಂಜು ನನ್ನ ಮುಖ ನೋಡುತ್ತಿದ್ದಳು. ಮೂರನೇ ಭಾನುವಾರ ಸ್ಟೇಷನ್ನಿನಿಂದ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ದಾರಿಯಲ್ಲಿ ಅಂಗಡಿ ಕಂಡಿತು. ಕೊಂಡೆ. ಕುಡಿದೆ. ನಾಲ್ಕು ವಾರ ಬಿಟ್ಟದ್ದು ಒಂದು ಗಳಿಗೆಯಲ್ಲಿ ಹೋಯಿತು.

ಮನೆಗೆ ಬಂದು ನೇರ ದೇವರ ಕೋಣೆಗೆ ಹೋಗಿ ಕೂತೆ. ಅಂದು ಮೊದಲ ಸಲ ಬೇರೆ ಪ್ರಾರ್ಥನೆ ಬಂತು. "ನನ್ನ ಕೈಯಿಂದ ಆಗಂಗಿಲ್ಲಪ್ಪ. ಯಾರನ್ನಾದರೂ ಕಳಿಸು. ಒಬ್ಬರನ್ನ, ನನ್ನಂಥಾಕಿನ." ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ. ಹಿಂದಿನಿಂದ ಅತ್ತೆಯ ವಾಕರಿನ ಸದ್ದು ಕೇಳಿತು.

ಅವರಿಗೆ ಆಗ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡಲು ಬರುತ್ತಿತ್ತು. ಬಾಗಿಲಲ್ಲಿ ನಿಂತು, "ಮತ್ತ ಕುಡದಿ," ಎಂದರು.

"ಹೌದ್ರಿ ಅತ್ತಿ."

"ಆ ಮಂದಿ ಹತ್ರ ಹೋಗೇ ಇಲ್ಲ ನೀನು."

"ಎಲ್ಲಾ ಗಂಡಸರ ಅದಾರ."

"ಮುಂದಿನ ಐತವಾರ ನಾನೂ ಬರ್ತೀನಿ," ಎಂದರು.

ನಾವು ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಮನೆಯವರೇ ಪರಿಚಯದವರ ಕಾರು ತಂದರು. ಮನೆಯವರು ಮುಂದೆ, ನಾನೂ ಅತ್ತೆಯೂ ಹಿಂದೆ, ಮಡಿಚಿದ ವಾಕರ್ ನಮ್ಮಿಬ್ಬರ ನಡುವೆ. ಅಷ್ಟರೊಳಗೆ ನಾನು ಮತ್ತೆ ಡಾಕ್ಟರಮ್ಮನಿಗೆ ಫೋನು ಮಾಡಿ, ನಡೆದದ್ದು ಹೇಳಿ, ಔಷಧ ಶುರು ಮಾಡಿದ್ದೆ. ಅವರು ಬಯ್ಯಲಿಲ್ಲ. "ಬಿದ್ದ ಮೇಲೆ ಫೋನ್ ಮಾಡಿದ್ರಲ್ಲ, ಅದೇ ದೊಡ್ಡದು," ಎಂದರು.

ಅತ್ತೆ ಕೋಣೆಯ ಬಾಗಿಲಿಗೆ ಬಂದು ನಿಂತಾಗ ಒಳಗಿದ್ದ ಗಂಡಸರೆಲ್ಲ ಎದ್ದು ನಿಂತರು. ಸುತ್ತ ಪ್ಲಾಸ್ಟಿಕ್ ಕುರ್ಚಿ, ನಡುವೆ ಒಂದು ಟೇಬಲ್ಲು, ಚಹಾದ ಫ್ಲಾಸ್ಕು. ಗಡ್ಡ ಬೋಳಿಸಿದ, ಇಸ್ತ್ರಿ ಅಂಗಿ ತೊಟ್ಟ, ಯಾವ ಮದುವೆ ಮನೆಯಲ್ಲಿ ಬೇಕಾದರೂ ಕಾಣುವಂಥ ಗಂಡಸರು. ಅತ್ತೆ ಎಲ್ಲರನ್ನೂ ಒಮ್ಮೆ ನೋಡಿ ಹೇಳಿದರು:

"ನಾನು ಕುಡಿಯಾಕಿ ಅಲ್ಲಪ್ಪ. ಕುಡಿಯೋನ ಹೆಂಡ್ತಿ ಆಗಿದ್ದೆ, ಈಗ ಕುಡಿಯಾಕಿ ಅತ್ತಿ ಅದೀನಿ. ನನಗ ಇಲ್ಲಿ ಜಾಗ ಐತೇನು?"

ಯಾರೂ ನಗಲಿಲ್ಲ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು ಅವತ್ತಿನ ಸಭೆ ನಡೆಸುತ್ತಿದ್ದರು. ನಾವೆಲ್ಲ ಅವರನ್ನು ದೊಡ್ಡಪ್ಪ ಎನ್ನುತ್ತೇವೆ. ಅವರು ಹತ್ತಿರ ಬಂದು ಅತ್ತೆಯ ಕೈ ಹಿಡಿದು, "ಐತಮ್ಮ. ತಿಂಗಳಿಗೊಮ್ಮಿ ಮನಿಯವರೂ ಬರೋ ಸಭೆ ಇರತೈತಿ, ಇವತ್ತ ಅದೇ ಐತಿ. ಕುಂದರ್ರಿ," ಎಂದರು. ಆ ದಿನವೇ ಯಾಕೆ ಅದಾಗಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಅಂದು ನಾನು ಬಾಯಿ ಬಿಡಲಿಲ್ಲ. ಕೇಳಿದೆ. ಒಬ್ಬ ಲಾರಿ ಮಾಲೀಕ, ಒಬ್ಬ ವಕೀಲರ ಗುಮಾಸ್ತ, ಜೀನ್ಸ್ ಹೊಲಿಯುವ ಘಟಕದಲ್ಲಿ ಬಟ್ಟೆ ಕತ್ತರಿಸುವ ಒಬ್ಬ. ಆ ಕತ್ತರಿಸುವವನು ತನ್ನ ತಾಯಿಯ ಔಷಧದ ಬಾಟಲಿಯಲ್ಲಿ ಹೆಂಡ ತುಂಬಿಡುತ್ತಿದ್ದದ್ದನ್ನು ಹೇಳಿದ. ನಾನು ಅತ್ತೆಯ ಕಷಾಯದ ಬಾಟಲಿಯಲ್ಲಿ ಮಾಡಿದ್ದೂ ಅದನ್ನೇ. ಲೋಕದಲ್ಲಿ ನಾನೊಬ್ಬಳೇ ಅಂಥ ಕೆಲಸ ಮಾಡಿದವಳೆಂದು ಆರು ವರ್ಷ ನಂಬಿದ್ದೆ. ಅತ್ತೆ ನನ್ನ ಕಡೆ ತಿರುಗಲಿಲ್ಲ. ಆದರೆ ಅವರ ಕೈ ನನ್ನ ತೊಡೆಯ ಮೇಲೆ ಬಂದು ಕೂತಿತು.

ಹೊರಡುವಾಗ ದೊಡ್ಡಪ್ಪ ನನ್ನನ್ನು ನಿಲ್ಲಿಸಿ, "ಹೆಣ್ಮಗಳು ನೀವೊಬ್ರೇ ಅಂತ ಅಂಜಬ್ಯಾಡ್ರಿ," ಎಂದರು. "ಸಿರುಗುಪ್ಪದಾಗ ಒಬ್ಬಾಕಿ ಅದಾಳ. ಏಳು ವರ್ಷ ಆತು ಬಿಟ್ಟು. ಮುಂದಿನ ವಾರ ಬರಾಕ ಹೇಳ್ತೀನಿ. ನಿಮ್ಮ ಪಕ್ಕದ ಕುರ್ಚಿಯಾಗ ಕುಂದರ್ತಾಳ."

ಮುಂದಿನ ಭಾನುವಾರ ನಾನೊಬ್ಬಳೇ ಬಸ್ಸಿಗೆ ಹೋದೆ. ಚಪ್ಪಲಿಗಳ ಸಾಲಿನಲ್ಲಿ ಹೆಂಗಸರ ಒಂದು ಜೊತೆ ರಬ್ಬರ್ ಚಪ್ಪಲಿ ಇತ್ತು. ಒಳಗೆ ಐವತ್ತೈದರ ಹತ್ತಿರದ, ಕಪ್ಪಗಿನ, ಗಟ್ಟಿ ಮೈಯ ಹೆಂಗಸು ಕೂತಿದ್ದರು. ಕಾಸಗಲ ಕುಂಕುಮ, ಮಡಿಲಲ್ಲಿ ಬಾಳೆಹಣ್ಣಿನ ಚೀಲ. ನಾನು ಬಾಗಿಲಿಗೆ ಬಂದದ್ದೇ ಅವರು ನನ್ನನ್ನು ನೋಡಿ ಎದ್ದರು, ಮತ್ತೆ ಕೂತರು, ಕೈ ಬಾಯಿಗೆ ಹೋಯಿತು.

"ನೀವಾ?" ಎಂದರು.

ನನಗೆ ಅವರ ಗುರುತಿರಲಿಲ್ಲ.

"ಅಯ್ಯೋ ತಾಯಿ, ನೀವು ಹಸರು ಸೀರಿ ಅಮ್ಮ ಅಲ್ಲೇನ್ರಿ? ಶನಿವಾರ ಶನಿವಾರ ಬರ್ತಿದ್ರಿ. ತಲಿ ತುಂಬ ಸೆರಗು, ಹೆಗಲಿಗೆ ದೊಡ್ಡ ಚೀಲ. ಆ ಅಂಗಡಿ ಎದುರಿಗೇ ನನ್ನ ಬಾಳೆಹಣ್ಣಿನ ಬಂಡಿ."

ಯಾರೂ ನನ್ನ ಬಲ್ಲವರಿಲ್ಲ ಎಂದು ನಂಬಿ ನಾನು ಹೋಗುತ್ತಿದ್ದ ಊರಿನಲ್ಲಿ ಒಬ್ಬರು ವಾರ ವಾರ ನನ್ನನ್ನು ನೋಡುತ್ತಿದ್ದರು. ಓಡಿಹೋಗಬೇಕು ಅನ್ನಿಸಿತು. ಆ ಹೆಂಗಸು, ಅವರೇ ಹಂಪಮ್ಮ, ನನ್ನ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು.

"ಬಾಟ್ಲಿ ಚೀಲದಾಗ ಇಡೋವಾಗ ನಿಮ್ಮ ಕೈ ನೋಡಿದ್ದೆ. ಗಂಡಗ ಒಯ್ಯೋ ಕೈ ಹಂಗ ನಡುಗಂಗಿಲ್ಲ. ಎರಡು ಸಲ ಮಾತಾಡಿಸೋಣು ಅಂತ ಎದ್ದೆ. ನೀವು ಬಸ್ ಹತ್ತಿಬಿಟ್ರಿ. ಓದಿದಾಕಿ, ದೊಡ್ಡ ಮನಿತನದಾಕಿ, ಬಂಡಿಯಾಕಿ ಮಾತು ಎಲ್ಲಿ ಕೇಳ್ತಾಳ ಅಂತ ಸುಮ್ನಾದೆ. ಆದ್ರ ನಮ್ಮ ಸಿರುಗುಪ್ಪದ ಸಭೆ ಮುಗಿದ ಮ್ಯಾಲ ಇನ್ನೂ ಕುಡಿಯೋರ ಸಲುವಾಗಿ ಎಲ್ಲಾರೂ ಒಂದು ನಿಮಿಷ ಸುಮ್ನ ನಿಂದರ್ತೀವಿ. ಒಂದೂವರೆ ವರ್ಷ ಆತು, ಆ ನಿಮಿಷದಾಗ ನಾನು ನಿಮ್ಮನ್ನ ನೆನಸ್ತೀನಿ. ಹೆಸರು ಗೊತ್ತಿಲ್ಲ. ಸ್ವಾಮಿ, ಆ ಹಸರು ಸೀರಿ ಅಮ್ಮನ್ನ ಕರಕೊಂಡು ಬಾ ಅಂತೀನಿ."

ಬಂಧುಗಳೇ, ನಾನು ಒಬ್ಬರನ್ನು ಕಳಿಸು ಎಂದು ಬೇಡಿದ್ದು ಹದಿನಾಲ್ಕು ದಿನದ ಹಿಂದೆ. ಬಸವಣ್ಣ ಅದಕ್ಕೂ ಒಂದೂವರೆ ವರ್ಷ ಮೊದಲೇ ಆಕೆಯನ್ನು ನೇಮಿಸಿಬಿಟ್ಟಿದ್ದ. ಯಾರಿಗೂ ಗೊತ್ತಾಗದಿರಲಿ ಎಂದು ನಾನು ಅಲ್ಲಿ ಹಣೆ ಚಚ್ಚಿಕೊಳ್ಳುವಾಗ, ಗೊತ್ತಿದ್ದ ಒಂದು ಜೀವ ಇಲ್ಲಿ ನನಗಾಗಿ ಬೇಡುತ್ತಿತ್ತು. ನನ್ನ ಬೇಡಿಕೆಯನ್ನು ಅವನು ನಡೆಸಲಿಲ್ಲ. ಆಕೆಯದನ್ನು ನಡೆಸಿದ.

ಅಂದು ನಾನು ಮಾತಾಡಿದೆ. ನನ್ನ ಹೆಸರು ಹೇಳಿದೆ, ನಾನು ಕುಡುಕಿ ಎಂದೆ. ಹಾಲು ಉಕ್ಕಿದ ಮಧ್ಯಾಹ್ನದ ಕಥೆ ಹೇಳಬೇಕೆಂದಿದ್ದೆ, ಅರ್ಧದಲ್ಲಿ ಅಳು ಬಂತು. ಹಂಪಮ್ಮ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಸುಲಿದು ಕೊಟ್ಟು, "ತಿನ್ನು. ಹೊಟ್ಟಿ ಖಾಲಿ ಇದ್ರ ಅಳು ಜಾಸ್ತಿ," ಎಂದರು. ಹನ್ನೊಂದು ಗಂಡಸರ ಎದುರು ನಾನು ಅಳುತ್ತಾ ಬಾಳೆಹಣ್ಣು ತಿಂದೆ. ಆಗ ನಾನೂ ನಕ್ಕೆ, ಅವರೂ ನಕ್ಕರು. ಎಷ್ಟೋ ವರ್ಷದ ಮೇಲೆ ಎದೆಯ ಮೇಲಿಂದ ಏನೋ ಇಳಿದಂತಾಯಿತು.

ಅದಾದ ಮೇಲೆ ಎಲ್ಲ ಸರಾಗವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ದಸರೆಯಲ್ಲಿ ಒಮ್ಮೆ ಅಕ್ಕನ ಮನೆಯಲ್ಲಿ ಭಾವನ ಬಾಟಲಿಯ ಮುಂದೆ ಹತ್ತು ನಿಮಿಷ ನಿಂತಿದ್ದೆ. ಅಲ್ಲಿಂದಲೇ ಹಂಪಮ್ಮನಿಗೆ ಫೋನು ಮಾಡಿದೆ. ಬಂಡಿಯ ಹತ್ತಿರ ಗಿರಾಕಿಗಳ ಗದ್ದಲ. "ಫೋನ್ ಕಿವಿಗೆ ಹಿಡ್ಕೊಂಡು ಹಂಗ ಹೊರಗ ನಡಿ. ಗೇಟು ದಾಟಿದಿ? ಈಗ ಎಡಕ್ಕ ಹೋಗ್ತೀಯೋ ಬಲಕ್ಕೋ? ಏನು ಕಾಣಾಕತ್ತೈತಿ ಹೇಳು," ಎಂದು ಕೇಳುತ್ತಾ, ನಡುನಡುವೆ ಹಣ್ಣು ಮಾರುತ್ತಾ, ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ನಡೆಸಿದರು. ಭಾವನಿಗೆ ಆಮೇಲೆ ಎಲ್ಲ ಹೇಳಿದೆ. ಪಾಪ, ಬಹಳ ನೊಂದುಕೊಂಡರು. ಈಗ ನಾವು ಹೋದಾಗ ಆ ಕಪಾಟು ಖಾಲಿ ಇರುತ್ತದೆ.

ಶಾಲೆಯಲ್ಲಿ ನಾನೇ ಮುಖ್ಯ ಗುರುಗಳಿಗೆ ಹೇಳಿದೆ. ವರ್ಗ ಮಾಡಿಸುತ್ತಾರೆ, ಊರೆಲ್ಲ ಹಬ್ಬುತ್ತದೆ ಎಂದು ಹೆದರಿಕೊಂಡೇ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿ, "ಆ ಸಭೆ ಎಲ್ಲಿ ನಡೀತದ್ರಿ ಟೀಚರ್? ನನ್ನ ತಮ್ಮಗ ಬೇಕಾಗೈತಿ," ಎಂದರು.

ಈಗ ಭಾನುವಾರ ಕಂಟೋನ್ಮೆಂಟಿನ ಸಭೆ, ಶನಿವಾರ ಸಿರುಗುಪ್ಪದ ಸಭೆ. ಅಲ್ಲಿ ಅಕ್ಕಿ ಗಿರಣಿಗಳ ಹಿಂದಿನ ಒಂದು ಸಮುದಾಯ ಭವನದಲ್ಲಿ ಸೇರುತ್ತೇವೆ. ಹೆಂಗಸರು ನಾವು ನಾಲ್ಕು ಜನ ಆಗಿದ್ದೇವೆ. ಹಿಂದೂಗಳಿದ್ದಾರೆ, ಸಾಬರಿದ್ದಾರೆ, ಕ್ರೈಸ್ತರಿದ್ದಾರೆ, ತೆಲುಗು ಮಾತಾಡುವವರಿದ್ದಾರೆ. ಅವರವರ ದೇವರನ್ನು ಅವರವರು ನೆನೆಯುತ್ತಾರೆ. ನಾನು ಬಸವಣ್ಣನನ್ನು ನೆನೆಯುತ್ತೇನೆ. ಹಂಪಮ್ಮನಿಗೆ ಅಕ್ಷರ ಬರುವುದಿಲ್ಲ. ಚಹಾ ಆರುವಷ್ಟು ಹೊತ್ತು ನಾನು ಅವರಿಗೆ ಕಾಗುಣಿತ ಕಲಿಸುತ್ತೇನೆ, ಅವರು ನನಗೆ ಬದುಕುವುದನ್ನು ಕಲಿಸುತ್ತಾರೆ. ಅವರ ವಿದ್ಯಾರ್ಥಿನಿಯಾದ ನಾನೇ ಮುಂದಿದ್ದೇನೆ ಎಂದು ನನ್ನ ಅಂದಾಜು, ಯಾಕೆಂದರೆ ಅವರು ಇನ್ನೂ "ಖ" ಬರೆಯುವಾಗ ಸಿಟ್ಟಾಗುತ್ತಾರೆ.

ಮನೆಯವರು ವರ್ಷದವರೆಗೆ ನನ್ನ ಜೊತೆ ಅಳೆದು ಮಾತಾಡಿದರು. ಅವರ ತಪ್ಪಲ್ಲ. ಹೋದ ವರ್ಷ ಕುಟುಂಬದವರೂ ಬರುವ ತಿಂಗಳ ಸಭೆಗೆ ತಾವೇ ಬಂದು, ಎಲ್ಲರೂ ಹೇಳಿ ಮುಗಿಸಿದ ಮೇಲೆ ಕೈಯೆತ್ತಿದರು. ತಮ್ಮ ತಂದೆಯ ಬಗ್ಗೆ ಮಾತಾಡಿದರು. ಹದಿನೆಂಟು ವರ್ಷದ ಸಂಸಾರದಲ್ಲಿ ನನಗೆ ಹೇಳದ ಮಾತುಗಳನ್ನು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳಿದರು. ಬಸ್ಸಿನಲ್ಲಿ ಬರುವಾಗ ನನ್ನ ಚೀಲ ತಾವು ಹಿಡಿದುಕೊಂಡರು.

ಅಂಜು ಈಗ ಪಿಯುಸಿ. ಹೋದ ತಿಂಗಳು ಹೇಳದೆ ಕೇಳದೆ ನಾಲ್ಕು ಗೆಳತಿಯರನ್ನು ಮನೆಗೆ ಕರೆತಂದು, "ಅವ್ವ, ಮಂಡಾಳು ಒಗ್ಗರಣಿ ಮಾಡು," ಎಂದಳು. ನಾನು ಒಳಗೆ ಹೋಗಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಾ ಕಣ್ಣೀರಿಟ್ಟೆ. ಮೆಣಸಿನಕಾಯಿ ಘಾಟು ಎಂದೆ.

ನಾನು ಕುಡಿಯದೆ ಎರಡು ವರ್ಷ ಒಂಬತ್ತು ತಿಂಗಳಾಯಿತು. ಗುಂಪಿನಲ್ಲಿ ನಾವು ನಾಳೆಯ ಆಣೆ ಮಾಡುವುದಿಲ್ಲ. ಇವತ್ತು ಕುಡಿಯಲಿಲ್ಲ, ಅಷ್ಟೇ. ನಿಮ್ಮ ಮನೆಯಲ್ಲಿ ಇಂಥ ನೋವಿದ್ದರೆ, ಗಂಡಸಿನದಿರಲಿ ಹೆಂಗಸಿನದಿರಲಿ, ಮೊದಲು ಡಾಕ್ಟರರ ಹತ್ತಿರ ಹೋಗಿ, ಆಮೇಲೆ ಇಂಥ ಸಭೆಯೊಂದನ್ನು ಹುಡುಕಿ. ಬಾಗಿಲಿನಿಂದ ತಿರುಗಿ ಬಂದರೂ ಚಿಂತೆಯಿಲ್ಲ, ಮತ್ತೆ ಹೋಗಿ. ಜಪ, ಪೂಜೆ ಬಿಡಬೇಡಿ. ದೇವರು ಗರ್ಭಗುಡಿಯಿಂದ ಎದ್ದು ಬರುವುದಿಲ್ಲ, ಯಾರನ್ನಾದರೂ ಎಬ್ಬಿಸಿ ಕಳಿಸುತ್ತಾನೆ.

ಹೋದ ಕಾರ್ತಿಕದ ಕೊನೆಯ ಸೋಮವಾರ ಅತ್ತೆ ಗುಡಿಗೆ ಹೋಗೋಣ ಎಂದರು. ಬಿದ್ದ ಮೇಲೆ ಅವರು ಅಲ್ಲಿಗೆ ಹೋಗಿರಲೇ ಇಲ್ಲ. ಆಟೋ ಮಾಡಿಕೊಂಡು ಹೋದೆವು. ಆ ದೊಡ್ಡ ಬಸವಣ್ಣನ ಮುಂದೆ ಅವರ ಪಕ್ಕದಲ್ಲಿ ಕೈ ಮುಗಿದು ನಿಂತೆ. ಕಣ್ಣು ಮುಚ್ಚಿ ಏನು ಬೇಡಲಿ ಎಂದು ಹುಡುಕಿದೆ. ಏನೂ ಸಿಗಲಿಲ್ಲ. ಉಸಿರು ಬಿಟ್ಟು ಉಸಿರು ಎಳೆದುಕೊಂಡು ಸುಮ್ಮನೆ ನಿಂತೆ. ಎಷ್ಟು ಹೊತ್ತೋ.

"ಏನ್ ಬೇಡಿಕೊಂಡಿ ಇಷ್ಟೊತ್ತು?" ಎಂದು ಅತ್ತೆ ಕೇಳಿದರು.

"ಏನೂ ಇಲ್ರಿ."

ಅವರು ನನ್ನ ಮುಖವನ್ನೊಮ್ಮೆ ನೋಡಿ, ವಾಕರನ್ನು ಬಾಗಿಲ ಕಡೆ ತಿರುಗಿಸಿದರು. "ಹಂಗಾರ ನಡಿ. ನನಗ ಹಸಿವಾಗೈತಿ."